ಗೆರ್ಟ್ರೂಡ್ ಬಾಯಿಯ ಪಾತಾಳಗರಡಿ

ಆ ಬೇಸಗೆಯಲ್ಲಿ ಜೆಪ್ಪುವಿನ ನಮ್ಮ ಓಣಿಯ ನಳ್ಳಿಗಳಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಬಂದರೂ ಬೆಳಿಗ್ಗೆ ಒಂದು ಗಂಟೆ ಮಾತ್ರ. ತಗ್ಗಿನ ಮನೆಗಳಿಗೆ ಸ್ವಲ್ಪ ಜೋರಾಗಿ ಬರುತ್ತಿತ್ತು. ದಿಬ್ಬದ ಮೇಲಿನ ಮನೆಗಳಿಗೆ ಬರೀ ಗಾಳಿ.

ನೂರ್ ಮುಹಮ್ಮದ್ ಅವರ ಮನೆ ದಿಬ್ಬದ ಮೇಲಿತ್ತು. ಅವರ ಹೆಂಡತಿ ಲೈಲಾ ಬಕೆಟು, ಡ್ರಮ್ಮು, ಅಡುಗೆಯ ದೊಡ್ಡ ಪಾತ್ರೆ ಎಲ್ಲವನ್ನೂ ನಳ್ಳಿಯ ಹತ್ತಿರ ಸಾಲಾಗಿ ಇಟ್ಟು ಕಾಯುತ್ತಿದ್ದರು. ಎರಡನೇ ಬಕೆಟು ತುಂಬುವಷ್ಟರಲ್ಲಿ ನಳ್ಳಿ ಒಮ್ಮೆ ಕೆಮ್ಮಿ ನಿಂತುಬಿಡುತ್ತಿತ್ತು.

"ಹಿತ್ತಿಲಲ್ಲಿ ಅಷ್ಟು ದೊಡ್ಡ ಬಾವಿ ಇಟ್ಟುಕೊಂಡು ನಾವು ಈ ನಳ್ಳಿಯ ಮುಖ ಯಾಕೆ ನೋಡ್ಬೇಕು ಮಾರಾಯ್ತಿ?" ಎಂದರು ನೂರ್ ಮುಹಮ್ಮದ್ ಒಂದು ದಿನ.

"ಅದನ್ನು ಮುಚ್ಚಿ ಹನ್ನೊಂದು ವರ್ಷ ಆಯ್ತಲ್ಲ. ನೀರು ಎಂತ ಆಗಿದೆಯೋ!"

"ನೀರಿಗೆ ಎಂತ ಆಗ್ತದೆ? ಆ ಬಾವಿ ಯಾವ ಮೇ ತಿಂಗಳಲ್ಲೂ ಬತ್ತಿದ್ದು ನನಗೆ ನೆನಪಿಲ್ಲ."

ಅದು ಕೆಂಪು ಮುರಕಲ್ಲನ್ನು ಕಡಿದು ತೋಡಿದ ಹಳೆಯ ಬಾವಿ. ನಲವತ್ತು ಅಡಿ ಆಳ. ಇಳಿಯಲು ಹತ್ತಲು ಕಲ್ಲಿನಲ್ಲೇ ಕೊರೆದ ಮೆಟ್ಟುಗಳಿದ್ದವು. ನೂರ್ ಮುಹಮ್ಮದ್ ಅವರ ತಾಯಿ ಬದುಕಿರುವಷ್ಟು ದಿನ ಮನೆಗೆ ಕುಡಿಯಲು ಅದರದ್ದೇ ನೀರು. ತಾಯಿ ತೀರಿಕೊಂಡ ವರ್ಷ, ಮೊಮ್ಮಕ್ಕಳು ಓಡಾಡುವ ಜಾಗ ಎಂದು ಲೈಲಾ ಅದಕ್ಕೆ ಕಾಂಕ್ರೀಟ್ ಚಪ್ಪಡಿ ಹಾಕಿಸಿದರು. ಕಟ್ಟೆಯ ಅಂಚಿನಲ್ಲಿ ಎರಡಡಿ ಅಗಲದ ಒಂದು ಕಬ್ಬಿಣದ ಮುಚ್ಚಳ ಬಿಟ್ಟಿದ್ದರು. ಪಕ್ಕದ ಮಾವಿನ ಮರದ ಎಲೆಗಳು ಚಪ್ಪಡಿಯ ಸಂದಿನಿಂದ ವರ್ಷವರ್ಷವೂ ಒಳಗೆ ಬೀಳುತ್ತಿದ್ದವು. ಅದನ್ನು ಯಾರೂ ಗಮನಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ನೂರ್ ಮುಹಮ್ಮದ್ ಮುಚ್ಚಳ ಎತ್ತಿದರು. ಆಮೇಲೆ ಅಟ್ಟ ಹತ್ತಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದ ತಾಮ್ರದ ಕೊಡಪಾನವನ್ನು ಕೆಳಗಿಳಿಸಿದರು. ಅದು ಅವರ ತಾಯಿಯದು. ಮದುವೆಯಾಗಿ ಈ ಮನೆಗೆ ಬರುವಾಗ ಉಮ್ಮ ತಂದದ್ದು.

"ಅದು ಬೇಡ. ಪ್ಲಾಸ್ಟಿಕ್ ಬಕೆಟು ಇಳಿಸಿ" ಎಂದರು ಲೈಲಾ.

"ಮೊದಲ ನೀರು ಉಮ್ಮನ ಕೊಡಪಾನದಲ್ಲೇ ಬರಲಿ."

ಹಗ್ಗ ಇರಲಿಲ್ಲ. ಬಟ್ಟೆ ಒಣಗಿಸುವ ನೈಲಾನ್ ಹಗ್ಗವನ್ನೇ ಬಿಚ್ಚಿ ಕಟ್ಟಿದರು. ಕೊಡಪಾನ ಇಳಿಯಿತು. ಗುಳುಗುಳು ಎಂದು ತುಂಬಿಕೊಂಡ ಸದ್ದು ಕೇಳಿ ಅವರ ಮುಖ ಅರಳಿತು. ಎಳೆಯತೊಡಗಿದರು. ಅರ್ಧ ದಾರಿಗೆ ಬಂದಾಗ ಕೈಗೆ ಭಾರವೇ ಇಲ್ಲದ ಹಾಗಾಯಿತು. ಬಿಸಿಲಿಗೆ ಸವೆದ ಹಗ್ಗ ತುಂಡಾಗಿತ್ತು. ಕೆಳಗೆ ಧೊಪ್ ಎಂಬ ಸದ್ದು. ಅಷ್ಟೇ.

ನೂರ್ ಮುಹಮ್ಮದ್ ತುಂಡು ಹಗ್ಗ ಹಿಡಿದುಕೊಂಡು ತುಂಬ ಹೊತ್ತು ಅಲ್ಲೇ ನಿಂತರು.

ಅವರು ಮೂವತ್ತೊಂದು ವರ್ಷ ದುಬೈಯಲ್ಲಿದ್ದವರು. ಒಂದು ಅಂಗಡಿಯ ಗೋಡೌನ್ ನೋಡಿಕೊಳ್ಳುತ್ತಿದ್ದರು. ಊರು ಎಂದರೆ ಅಲ್ಲಿ ಅವರಿಗೆ ನೆನಪಾಗುತ್ತಿದ್ದದ್ದು ಸಮುದ್ರವಲ್ಲ, ಮೀನಿನ ಸಾರೂ ಅಲ್ಲ. ಬಾವಿಯ ರಾಟೆಯ ಸದ್ದು. ಮುಂಜಾನೆಯ ಸುಬಹಿ ನಮಾಝಿಗೆ ಮೊದಲೇ ಉಮ್ಮ ಎದ್ದು ನೀರು ಸೇದುತ್ತಿದ್ದರು. ರಾಟೆ ಕಿರ್ರ್ ಎಂದು ಕೂಗುತ್ತಿತ್ತು. ಚಾಪೆಯ ಮೇಲೆ ಮಲಗಿದ್ದ ಹುಡುಗ ಅದನ್ನು ಕೇಳುತ್ತ ಇನ್ನೊಂದು ಸಲ ಮಗ್ಗುಲಾಗುತ್ತಿದ್ದ. ಆರು ಕೊಡ ಆದ ಮೇಲೆ ಉಮ್ಮ ಬಂದು ಒದ್ದೆ ಕೈಯನ್ನು ಅವನ ಕೆನ್ನೆಗೆ ಇಡುತ್ತಿದ್ದರು. ಅದೇ ಅವನನ್ನು ಎಬ್ಬಿಸುವ ಕ್ರಮ. ಈಗ ಆ ಕೊಡಪಾನವನ್ನು ಅವರೇ ಕೈಯಾರೆ ಬಾವಿಗೆ ಹಾಕಿದ ಹಾಗಾಯಿತು.

"ನಾನು ಇಳಿತೇನೆ" ಎಂದರು.

"ಎಂತ? ನಿಮಗೆ ಅರುವತ್ತೊಂದು!" ಲೈಲಾ ಗಾಬರಿಯಾದರು.

"ಈ ಬಾವಿಗೆ ನಾನು ಎಷ್ಟು ಸಲ ಇಳಿದಿದ್ದೇನೆ, ನಿನಗೆ ಗೊತ್ತುಂಟಾ? ಕಣ್ಣು ಮುಚ್ಚಿ ಮೆಟ್ಟು ಹೇಳ್ತೇನೆ."

ಮಾತು ಸುಳ್ಳಲ್ಲ. ಹರೆಯದಲ್ಲಿ ಜೆಪ್ಪುವಿನಿಂದ ಬೋಳಾರದವರೆಗೆ ಯಾರ ಬಾವಿಗೆ ಎಂತ ಬಿದ್ದರೂ ಕರೆ ಬರುತ್ತಿದ್ದದ್ದು ಇಬ್ಬರಿಗೆ. ಒಬ್ಬ ನೂರ್ ಮುಹಮ್ಮದ್, ಇನ್ನೊಬ್ಬ ಅವನ ಗೆಳೆಯ ದೇಜಪ್ಪ. ಕೊಡ, ಬಕೆಟು, ಚಿನ್ನದ ಬೆಂಡೋಲೆ, ಒಮ್ಮೆ ಒಬ್ಬರ ಹಲ್ಲುಸೆಟ್ಟು. ದೇಜಪ್ಪ ಮೊದಲು ಇಳಿದರೆ ನೂರ್ ಮೇಲೆ ಹಗ್ಗ ಹಿಡಿಯುತ್ತಿದ್ದ. ಇನ್ನೊಂದು ಮನೆಯಲ್ಲಿ ಸರದಿ ಬದಲು. ಕೂಲಿ ಎಂದರೆ ತಿಂಡಿ. ಒಬ್ಬರ ಮನೆಯಲ್ಲಿ ಹಲಸಿನ ಹಪ್ಪಳ, ಇನ್ನೊಬ್ಬರ ಮನೆಯಲ್ಲಿ ಅವಲಕ್ಕಿ ಬೆಲ್ಲ. ಓಣಿಯವರು ಗೌರವದಿಂದ ಬಾಯಿ ಎಂದು ಕರೆಯುವ ಗೆರ್ಟ್ರೂಡ್ ಅವರ ಮನೆಯಲ್ಲಿ ಪಾತಾಳಗರಡಿ ಇತ್ತು. ಒಂದು ಕಬ್ಬಿಣದ ಬಳೆ, ಅದರ ಸುತ್ತ ಹತ್ತಿಪ್ಪತ್ತು ಕೊಕ್ಕೆ. ಹಗ್ಗಕ್ಕೆ ಕಟ್ಟಿ ಇಳಿಸಿದರೆ ಕೆಳಗಿನ ಪಾತ್ರೆಗೆ ಸಿಕ್ಕಿಹಾಕಿಕೊಂಡು ಬರುತ್ತದೆ. ಇಬ್ಬರು ಹುಡುಗರೂ ಅದನ್ನು ನೋಡಿ ನಗುತ್ತಿದ್ದರು. "ಅದು ಮುದುಕಿಯರಿಗೆ. ನಮಗೆ ಕಾಲು ಉಂಟು" ಎನ್ನುತ್ತಿದ್ದರು.

ನೂರ್ ಮುಹಮ್ಮದ್ ಲುಂಗಿ ಎತ್ತಿ ಕಟ್ಟಿದರು. ಅಟ್ಟದಲ್ಲಿ ಹುಡುಕಿ ಸಿಕ್ಕಿದ ಒಂದು ಹಗ್ಗವನ್ನು ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಮಾವಿನ ಮರಕ್ಕೆ ಬಿಗಿದರು. ಲೈಲಾ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಲೈಲಾ ಅಲ್ಲಿ ನಿಲ್ಲಲಾಗದೆ ಪಕ್ಕದ ಮನೆಗೆ ಓಡಿದರು.

ಪಕ್ಕದ ಮನೆ ಚಂಪಾ ಅವರದು. ಚಂಪಾ ನಮ್ಮ ಭಾಗದ ಆಶಾ ಕಾರ್ಯಕರ್ತೆ. ಮಕ್ಕಳ ಚುಚ್ಚುಮದ್ದಿನಿಂದ ಹಿಡಿದು ಹಿರಿಯರ ಬಿಪಿ ಮಾತ್ರೆಯವರೆಗೆ ಎಲ್ಲರ ಮನೆಯ ಲೆಕ್ಕ ಅವರಿಗೆ ಗೊತ್ತು. ಇನ್ನೂ ಒಂದು ವಿಷಯ. ಚಂಪಾ ದೇಜಪ್ಪನ ತಂಗಿ.

ಅವರು ಹಿತ್ತಿಲಿಗೆ ಬರುವಾಗ ನೂರ್ ಮುಹಮ್ಮದ್ ಅವರ ತಲೆ ಮಾತ್ರ ಮುಚ್ಚಳದ ಬಾಯಿಯಲ್ಲಿ ಕಾಣುತ್ತಿತ್ತು.

"ನೂರಾಕ, ಅಲ್ಲೇ ನಿಲ್ಲಿ."

"ಎಂತ ಚಂಪಾ, ನೀನೂ ಬಂದ್ಯಾ? ನನಗೆ ಏನೂ ಆಗುದಿಲ್ಲ. ಗಾಳಿ ಒಳ್ಳೆದುಂಟು ಇಲ್ಲಿ."

ಚಂಪಾ ಕಟ್ಟೆಯ ಹತ್ತಿರ ಬಂದು ನಿಂತರು. ಆಮೇಲೆ ನಿಧಾನವಾಗಿ ಹೇಳಿದರು. "ನಮ್ಮ ಅಣ್ಣನೂ ಅದನ್ನೇ ಹೇಳಿದ್ದು."

"ಯಾರು? ದೇಜಪ್ಪನಾ?"

"ಹೌದು. ಅವನ ಕೊನೆಯ ಮಾತು ಅದೇ. ಅರ್ಧ ಬಾವಿಯಿಂದ ಮೇಲೆ ನೋಡಿ ಕೂಗಿ ಹೇಳಿದ. ಏನೂ ಆಗುದಿಲ್ಲ, ಗಾಳಿ ಒಳ್ಳೆದುಂಟು ಅಂತ."

ಬಾವಿಯೊಳಗಿನ ತಲೆ ಮೇಲಕ್ಕೆ ತಿರುಗಿತು.

"ಅವನು ಮುಳುಗಿ ಸತ್ತದ್ದಲ್ವಾ?"

"ಮೇಲೆ ಬನ್ನಿ. ಮೇಲೆ ಬಂದವರಿಗೆ ಹೇಳ್ತೇನೆ. ಅಲ್ಲಿ ನಿಂತವರಿಗೆ ಹೇಳ್ಲಿಕ್ಕಿಲ್ಲ."

ನೂರ್ ಮುಹಮ್ಮದ್ ಮೇಲೆ ಬಂದರು. ಕೈಯಲ್ಲಿ ಪಾಚಿ, ಮೊಣಕಾಲಿನಲ್ಲಿ ಕೆಂಪು ಮಣ್ಣು. ಕಟ್ಟೆಯ ಪಕ್ಕ ನೆಲದಲ್ಲೇ ಕುಳಿತರು. ಲೈಲಾ ಓಡಿಹೋಗಿ ಕುಡಿಯಲು ನೀರು ತಂದರು.

ಆ ಸುದ್ದಿ ಬಂದಾಗ ಅವರು ದುಬೈಯಲ್ಲಿದ್ದರು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಉಮ್ಮ ಯಾರಿಂದಲೋ ಬರೆಸಿದ ಪತ್ರದ ಕೊನೆಗೆ ಒಂದೇ ಸಾಲು ಇತ್ತು. ದೇಜಪ್ಪ ಬಾವಿಗೆ ಬಿದ್ದು ತೀರಿಹೋದ. ಅದನ್ನು ಓದಿದ ದಿನದಿಂದ ಅವರಿಗೆ ಒಂದು ಪ್ರಶ್ನೆ ಉಳಿದಿತ್ತು. ನೇತ್ರಾವತಿಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದವನು ಬಾವಿಯ ನೀರಿನಲ್ಲಿ ಹೇಗೆ ಮುಳುಗಿದ? ರಜೆಯಲ್ಲಿ ಬಂದಾಗ ಕೇಳಬೇಕೆಂದುಕೊಂಡರು. ದೇಜಪ್ಪನ ತಾಯಿಯ ಮುಖ ನೋಡಿ ಬಾಯಿ ಬರಲಿಲ್ಲ. ಮತ್ತೆ ಯಾವತ್ತೂ ಕೇಳಲಿಲ್ಲ.

"ಬಜಾಲಿನ ಹತ್ತಿರ ಒಂದು ಮನೆ" ಎಂದು ಚಂಪಾ ಶುರು ಮಾಡಿದರು. "ಪಂಪಿನ ಪೈಪಿನ ತುದಿಯ ಫುಟ್‌ವಾಲ್ವ್ ಕಳಚಿ ಬಾವಿಗೆ ಬಿದ್ದಿತ್ತು. ತುಂಬ ವರ್ಷದಿಂದ ಯಾರೂ ಇಳಿಯದ ಬಾವಿ. ಅಣ್ಣನನ್ನು ಕರೆಸಿದರು. ನಾನು ಅವನಿಗೆ ಊಟದ ಬುತ್ತಿ ತೆಗೆದುಕೊಂಡು ಹೋಗಿದ್ದೆ. ಆದ ಕಾರಣ ನಾನೇ ಕಣ್ಣಿಂದ ನೋಡಿದ್ದು. ಗಾಳಿ ಒಳ್ಳೆದುಂಟು ಅಂತ ಹೇಳಿದ. ಮತ್ತೆ ಏಳೆಂಟು ಮೆಟ್ಟು ಇಳಿದ. ಕೈ ಬಿಟ್ಟ. ಒಂದು ಶಬ್ದ ಇಲ್ಲ ನೂರಾಕ. ಕೂಗು ಇಲ್ಲ. ನಿದ್ದೆ ಬಂದ ಹಾಗೆ ಕೈ ಬಿಟ್ಟ."

ಲೈಲಾ ಬಾಯಿಗೆ ಕೈ ಇಟ್ಟುಕೊಂಡರು.

"ಕೆಳಗೆ ನೀರು ಎಷ್ಟಿತ್ತು?" ನೂರ್ ಮುಹಮ್ಮದ್ ಕೇಳಿದರು.

"ಸೊಂಟದವರೆಗೆ. ಪಕ್ಕದ ಮನೆಯವರು ಒಬ್ಬರು, ಒಳ್ಳೆಯ ಮನುಷ್ಯ, ಕಾಲು ಜಾರಿದ್ದು ಅಂತ ಎಣಿಸಿ ಎತ್ತಲಿಕ್ಕೆ ಇಳಿದರು. ಅವರೂ ಅದೇ ಜಾಗಕ್ಕೆ ಬಂದಾಗ ಕೈ ಬಿಟ್ಟರು. ಮೂರನೆಯವರು ಇಳಿಲಿಕ್ಕೆ ಹೊರಟಾಗ ಜನ ಹಿಡಿದುಕೊಂಡರು. ಅಗ್ನಿಶಾಮಕದವರು ಬಂದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಇಳಿದು ಇಬ್ಬರನ್ನೂ ತಂದರು. ಮುಳುಗಿದ್ದು ಅಂತ ಎಲ್ಲರೂ ಹೇಳಿದರು. ಬಾವಿಯೇ ಎಳೆದುಕೊಂಡಿತು ಅಂತಲೂ ಹೇಳಿದರು. ನನಗೆ ಸಮಾಧಾನ ಆಗಲಿಲ್ಲ. ಆಸ್ಪತ್ರೆಯ ಡಾಕ್ಟರನ್ನು ಹುಡುಕಿ ಕೇಳಿದೆ. ಅವರು ಹೇಳಿದರು, ನಿನ್ನ ಅಣ್ಣನ ಎದೆಯೊಳಗೆ ನೀರೇ ಇರಲಿಲ್ಲ. ಅವನು ಮುಳುಗುವ ಮೊದಲೇ ಹೋಗಿದ್ದಾನೆ. ಕೆಟ್ಟ ಗಾಳಿ."

ನೂರ್ ಮುಹಮ್ಮದ್ ತಲೆ ತಗ್ಗಿಸಿದರು. "ನಾನು ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಇಷ್ಟು ವರ್ಷ. ಸರಿ ನೋಡಿ ಇಳಿಯಲಿಲ್ಲ, ಅಜಾಗ್ರತೆ ಮಾಡಿದ ಅಂತ."

"ಅವನಿಗೆ ಗೊತ್ತಿರಲಿಲ್ಲ ನೂರಾಕ. ನಮಗೆ ಯಾರಿಗೂ ಗೊತ್ತಿರಲಿಲ್ಲ."

ಮಾವಿನ ಮರದಲ್ಲಿ ಅಳಿಲು ಕೂಗುತ್ತಿತ್ತು. ಲೈಲಾ ತಂದ ನೀರನ್ನು ಅವರು ಕುಡಿದು ಮುಗಿಸಿದರು. ಆದರೆ ನೂರ್ ಮುಹಮ್ಮದ್ ಸುಲಭಕ್ಕೆ ಒಪ್ಪುವವರಲ್ಲ.

"ಒಂದು ಹೇಳು. ನಾವು ಅಷ್ಟು ಬಾವಿಗೆ ಇಳಿದೆವಲ್ಲ. ಆಗ ಯಾಕೆ ಏನೂ ಆಗಲಿಲ್ಲ?"

"ಆಗ ಬಾವಿಗಳೆಲ್ಲ ತೆರೆದೇ ಇದ್ದವು. ದಿನಕ್ಕೆ ನೂರು ಕೊಡ ಮೇಲೆ ಕೆಳಗೆ ಹೋಗ್ತಿತ್ತು. ಗಾಳಿ ಅಲ್ಲಾಡ್ತಿತ್ತು. ಈಗ ಚಪ್ಪಡಿ ಹಾಕಿ ಮುಚ್ಚಿದ್ದೇವೆ. ಎಲೆ, ಕಸ ಬಿದ್ದು ಒಳಗೇ ಕೊಳಿತದೆ. ಆ ಕೊಳೆತದ್ದರ ಗಾಳಿ ಭಾರ, ತಳದಲ್ಲೇ ಕೂರ್ತದೆ. ಆದರೂ ತೆರೆದ ಬಾವಿಯಲ್ಲಿ ಅಪಾಯ ಇಲ್ಲ ಅಂತ ಅಲ್ಲ. ಆಗಲೂ ಜನ ಸತ್ತಿದ್ದಾರೆ. ನಾವು ಕಾರಣ ಬೇರೆ ಹೇಳಿದೆವು, ಅಷ್ಟೇ. ನಿಮ್ಮಿಬ್ಬರಿಗೆ ಅಷ್ಟು ವರ್ಷ ಅದೃಷ್ಟ ಇತ್ತು."

"ಉಮ್ಮ ಲಾಟೀನು ಇಳಿಸಿ ನೋಡ್ತಿದ್ದರು. ಆರದಿದ್ದರೆ ನಾವು ಇಳಿಯುದು."

"ಲಾಟೀನು ಆರಿದರೆ ಅಪಾಯ ಉಂಟು ಅಂತ ಅರ್ಥ. ಆರದಿದ್ದರೆ ಅಪಾಯ ಇಲ್ಲ ಅಂತ ಅರ್ಥ ಅಲ್ಲ. ದೀಪ ಉರಿಯುವಲ್ಲಿಯೂ ವಿಷದ ಗಾಳಿ ಇರಬಹುದು. ಕೆಲವು ಗಾಳಿಗೆ ಬೆಂಕಿ ತಾಗಿದರೆ ಸಿಡಿದು ಮುಖಕ್ಕೇ ಹಾರ್ತದೆ. ಈಗ ಅಳೆಯುವ ಮೆಷಿನ್ ಉಂಟು. ಅದಿಲ್ಲದೆ ಯಾರೂ ಇಳಿಲಿಕ್ಕಿಲ್ಲ."

"ಸೊಂಟಕ್ಕೆ ಹಗ್ಗ ಕಟ್ಟಿದ್ದೆನಲ್ಲ?"

ಚಂಪಾ ಲೈಲಾ ಕಡೆ ನೋಡಿದರು. "ನೀವು ಅಲ್ಲಿ ತಲೆ ತಿರುಗಿ ಬಿದ್ದಿದ್ದರೆ ಲೈಲಾ ಒಬ್ಬಳೇ ನಿಮ್ಮನ್ನು ಎಳೀತಿದ್ದಳಾ? ಎಂಬತ್ತು ಕಿಲೋ ಇದ್ದೀರಿ! ಎಳೆಯಲಿಕ್ಕೆ ಆಗದೆ ಇದ್ದರೆ ಅವಳು ಎಂತ ಮಾಡ್ತಿದ್ದಳು?"

ಲೈಲಾ ಉತ್ತರಕ್ಕೆ ತಡಮಾಡಲಿಲ್ಲ. "ನಾನೂ ಇಳೀತಿದ್ದೆ."

ಆ ಒಂದು ಮಾತು ನೂರ್ ಮುಹಮ್ಮದ್ ಅವರನ್ನು ತಾಗಿತು. ಅವರು ಹೆಂಡತಿಯ ಮುಖವನ್ನೇ ನೋಡಿದರು. ಸೊಂಟದ ಹಗ್ಗ ಬಿಚ್ಚಿ ಪಕ್ಕಕ್ಕೆ ಇಟ್ಟರು.

"ಹಾಗಾದರೆ ಕೊಡಪಾನ?" ಎಂದರು ಮೆಲ್ಲಗೆ.

"ಕಬ್ಬಿಣದ್ದಾದರೆ ಹಗ್ಗಕ್ಕೆ ದೊಡ್ಡ ಮ್ಯಾಗ್ನೆಟ್ ಕಟ್ಟಿ ಇಳಿಸಿದರೆ ಸಾಕಿತ್ತು. ತಾಮ್ರಕ್ಕೆ ಮ್ಯಾಗ್ನೆಟ್ ಹಿಡಿಯುದಿಲ್ಲ. ಅದಕ್ಕೆ ಗರಡಿಯೇ ಬೇಕು. ಗೆರ್ಟ್ರೂಡ್ ಬಾಯಿ ಹತ್ತಿರ ಕೇಳುವಾ."

ಗೆರ್ಟ್ರೂಡ್ ಬಾಯಿಗೆ ಈಗ ಎಂಬತ್ತನಾಲ್ಕು. ಮೂರು ಮನೆ ಆಚೆ. ಜಗಲಿಯಲ್ಲಿ ಕುರ್ಚಿ ಹಾಕಿ ಕುಳಿತು, ಹೋಗುವ ಬರುವವರ ಹೆಸರು ಕರೆದು ಮಾತಾಡಿಸುತ್ತಾರೆ. ನೂರ್ ಮುಹಮ್ಮದ್ ಬಂದು ಗರಡಿ ಕೇಳಿದಾಗ ಅವರು ಕನ್ನಡಕ ಸರಿ ಮಾಡಿಕೊಂಡರು.

"ಯಾರಿದು? ಕಾಲು ಉಂಟು ಅಂತ ಹೇಳ್ತಿದ್ದವನಲ್ವಾ ನೀನು?"

"ಹೌದು ಬಾಯಿ."

"ಈಗ ಕಾಲಿಗೆ ಎಂತ ಆಯ್ತು?"

"ಕಾಲು ಉಂಟು. ಬುದ್ಧಿ ಈಗ ಬಂತು" ಎಂದರು ನೂರ್ ಮುಹಮ್ಮದ್.

ಬಾಯಿ ನಕ್ಕರು. ಗರಡಿ ಬಚ್ಚಲಿನ ಹಿಂದಿನ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ತಮ್ಮ ಅಮ್ಮ ಬೋಳಾರದ ಕಮ್ಮಾರನಿಂದ ಮಾಡಿಸಿದ್ದು ಎಂದರು. ಅವರ ಅಮ್ಮ ತಮ್ಮ ಬಾವಿಗೆ ಯಾರನ್ನೂ ಇಳಿಯಲು ಬಿಟ್ಟವರೇ ಅಲ್ಲ. ಪಾತ್ರೆ ಹೋದರೆ ಇನ್ನೊಂದು ಕೊಳ್ಳುವಾ, ಮಕ್ಕಳನ್ನು ಎಲ್ಲಿಂದ ಕೊಳ್ಳುದು ಎಂದು ಕೇಳುತ್ತಿದ್ದರಂತೆ.

ಆದರೆ ಆ ಮನೆಗೆ ಒಂದು ಕ್ರಮ ಇತ್ತು. ಗರಡಿ ಬೇಕಾದವರು ತಮ್ಮ ಒಂದು ಪಾತ್ರೆ ಅಲ್ಲಿಟ್ಟು ಹೋಗಬೇಕು. ಗರಡಿ ವಾಪಸು ಬಂದ ಮೇಲೆ ಪಾತ್ರೆ ವಾಪಸು.

"ಪಾತ್ರೆ ಎಲ್ಲುಂಟು?" ಎಂದು ಕೇಳಿದರು ಬಾಯಿ.

"ಬಾವಿಯಲ್ಲಿ ಉಂಟು."

"ಹಾಗಾದರೆ ಗರಡಿಯ ಒಟ್ಟಿಗೆ ನಾನೇ ಬರ್ತೇನೆ. ನಡಿ."

ಹೀಗೆ ಗೆರ್ಟ್ರೂಡ್ ಬಾಯಿಯ ಒಂದು ಕೈಯನ್ನು ಚಂಪಾ, ಇನ್ನೊಂದು ಕೈಯನ್ನು ಲೈಲಾ ಹಿಡಿದುಕೊಂಡರು. ಗರಡಿಯನ್ನು ಹೆಗಲಿಗೆ ಹಾಕಿಕೊಂಡು ನೂರ್ ಮುಹಮ್ಮದ್ ಮುಂದೆ ನಡೆದರು. ದಾರಿಯಲ್ಲಿ ಕಂಡವರೆಲ್ಲ ನಿಂತು ನೋಡಿದರು. ಗರಡಿ ಹಾಗೆ ಓಣಿಯಲ್ಲಿ ಹೋಗುವುದನ್ನು ಕಂಡು ಇಪ್ಪತ್ತು ವರ್ಷವೇ ಆಗಿತ್ತು. ಹಿಂದೆಲ್ಲ ಬೇಸಗೆಯಲ್ಲಿ ವಾರಕ್ಕೆ ಎರಡು ಸಲ ಅದು ಮನೆಯಿಂದ ಮನೆಗೆ ಹೋಗುತ್ತಿತ್ತು. ಅದರ ಹಿಂದೆಯೇ ಹತ್ತು ಮಂದಿ ಹೋಗುತ್ತಿದ್ದರು. ಬಾವಿಕಟ್ಟೆಯ ಸುತ್ತ ಚಹಾ ಆಗುತ್ತಿತ್ತು, ಮದುವೆಯ ಮಾತು ಆಗುತ್ತಿತ್ತು. ಯಾರ ಮನೆಯಲ್ಲಿ ಎಂಥ ಪಾತ್ರೆ ಉಂಟು ಎಂಬುದು ಇಡೀ ಓಣಿಗೇ ತಿಳಿದಿರುತ್ತಿತ್ತು.

ಈ ಸಲ ಹೊಸ ದಪ್ಪ ಹಗ್ಗ ತರಿಸಿದರು. ಗಂಟು ಹಾಕಿದ ಮೇಲೆ ಚಂಪಾ ಅದನ್ನು ಎರಡು ಸಲ ಜಗ್ಗಿ ನೋಡಿದರು. ನೂರ್ ಮುಹಮ್ಮದ್ ಕಟ್ಟೆಯ ಹೊರಗೆ ನೆಲದ ಮೇಲೆ ನಿಂತರು. "ಕಟ್ಟೆ ಹತ್ತುದು ಬೇಡ, ಬಗ್ಗುದೂ ಬೇಡ" ಎಂದು ಲೈಲಾ ಹಿಂದಿನಿಂದ ಅವರ ಅಂಗಿ ಹಿಡಿದುಕೊಂಡರು. ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ಚಂಪಾ ಮನೆಯೊಳಗಿಂದ ಗೋಡೆಯ ಕನ್ನಡಿ ತಂದು, ಬಿಸಿಲನ್ನು ಹಿಡಿದು ಬಾವಿಯೊಳಕ್ಕೆ ಬಿಟ್ಟರು. ಬೆಳಕು ಗೋಡೆಯ ಮೇಲಿಂದ ಜಾರುತ್ತ ಇಳಿದು ಕಪ್ಪು ನೀರಿನ ಮೇಲೆ ನಿಂತಿತು.

"ಎಳೆಯಬೇಡ, ನೂರ್. ಸುಮ್ಮನೆ ಹಗ್ಗ ಹಿಡಿ. ಬೆರಳಿಗೆ ಗೊತ್ತಾಗ್ತದೆ" ಎಂದರು ಕುರ್ಚಿಯಲ್ಲಿ ಕುಳಿತ ಬಾಯಿ. "ಕೆಸರಾದರೆ ಮೆತ್ತಗೆ. ಕಲ್ಲಾದರೆ ಗಟ್ಟಿ. ಪಾತ್ರೆಯಾದರೆ ಹಗ್ಗ ಒಂದು ಸಣ್ಣ ಮಾತು ಹೇಳ್ತದೆ."

ಮೊದಲ ಸಲ ಬಂದದ್ದು ಕೊಳೆತ ಎಲೆ. ಎರಡನೇ ಸಲವೂ ಅದೇ. ಮೂರನೇ ಸಲ ಏನೋ ಭಾರ ಸಿಕ್ಕಿತು. ಬಂದದ್ದು ತುಕ್ಕು ಹಿಡಿದ ಒಂದು ರಾಟೆ.

"ಅಲ್ಲಾ! ಇದು ಹಿಶಾಮ್ ಹುಟ್ಟಿದ ವರ್ಷ ಬಿದ್ದದ್ದು" ಎಂದು ಲೈಲಾ ಕೂಗಿದರು. ಹಿಶಾಮ್ ಅವರ ಮಗ. "ನಾನು ಬಾಣಂತಿ. ನೀರಿಲ್ಲ ಅಂತ ಉಮ್ಮ ಇಡೀ ದಿನ ನಮ್ಮ ಚಂಪಾನ ಮನೆಯಲ್ಲಿ ಆಗ ಇದ್ದ ಬಾವಿಯಿಂದ ಹೊತ್ತಿದ್ದರು."

"ನನ್ನ ಅಮ್ಮ ಆರು ಕೊಡ, ನಿಮ್ಮ ಉಮ್ಮ ಆರು ಕೊಡ. ನನಗೆ ನೆನಪುಂಟು" ಎಂದರು ಚಂಪಾ.

ಮತ್ತೆ ಗರಡಿ ಇಳಿಯಿತು. ಒಂದು ಬಕೆಟಿನ ಹಿಡಿ ಬಂತು. ತಳವಿಲ್ಲದ ಒಂದು ಡಬ್ಬ ಬಂತು. ನೂರ್ ಮುಹಮ್ಮದ್ ಅವರ ಅಂಗೈ ಕೆಂಪಾಗಿತ್ತು. ಆದರೆ ಮುಖದಲ್ಲಿ ಬೆಳಿಗ್ಗೆಯ ಸಿಟ್ಟು ಇರಲಿಲ್ಲ. ಒಂಬತ್ತನೆಯ ಸಲವೋ ಹತ್ತನೆಯ ಸಲವೋ ಅವರ ಬೆರಳುಗಳು ನಿಂತುಬಿಟ್ಟವು.

"ಬಾಯಿ, ಹಗ್ಗ ಮಾತಾಡಿತು."

"ನಿಧಾನ."

ಮೇಲೆ ಬರುವಾಗ ಒಮ್ಮೆ ಜಾರಿತು, ಇನ್ನೊಂದು ಕೊಕ್ಕೆಗೆ ಸಿಕ್ಕಿತು. ಕನ್ನಡಿಯ ಬೆಳಕಿನಲ್ಲಿ ತಾಮ್ರ ಒಮ್ಮೆ ಹೊಳೆಯಿತು. ಕೊಡಪಾನ ಓರೆಯಾಗಿ, ಕುತ್ತಿಗೆಯಲ್ಲಿ ಸಿಕ್ಕಿಕೊಂಡು ಬಾವಿಯ ಬಾಯಿಗೆ ಬಂತು. ನೂರ್ ಮುಹಮ್ಮದ್ ಅದನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಹಿಡಿದರು. ಅಂಗಿಯೆಲ್ಲ ಒದ್ದೆಯಾಯಿತು.

ಕೊಡಪಾನವನ್ನು ಬಗ್ಗಿಸಿದಾಗ ಕಪ್ಪು ಕೆಸರು ಹೊರಗೆ ಬಂತು. ಕೊಳೆತ ಮೊಟ್ಟೆಯ ವಾಸನೆ. ಎಲ್ಲರೂ ಮೂಗು ಮುಚ್ಚಿಕೊಂಡರು.

"ಇದೇ ನೂರಾಕ" ಎಂದರು ಚಂಪಾ. "ಕೆಳಗೆ ಇದೇ ಗಾಳಿ ತುಂಬಿ ಕೂತಿದೆ. ಸ್ವಲ್ಪ ಇದ್ದರೆ ಹೀಗೆ ವಾಸನೆ ಬರ್ತದೆ. ತುಂಬ ಇದ್ದರೆ ಮೂಗಿಗೇ ಗೊತ್ತಾಗುದಿಲ್ಲ. ಇನ್ನು ಕೆಲವು ಗಾಳಿಗೆ ವಾಸನೆಯೇ ಇಲ್ಲ."

ಮರುವಾರ ಚಂಪಾ ಅವರೇ ವಿಚಾರಿಸಿ, ಬಾವಿ ಶುಚಿ ಮಾಡುವ ತರಬೇತಿ ಇರುವ ತಂಡವನ್ನು ಕರೆಸಿದರು. ಬಂದ ಕೂಡಲೇ ಅವರಲ್ಲಿ ಯಾರೂ ಇಳಿಯಲಿಲ್ಲ. ಮೊದಲು ಅಂಗೈಯಷ್ಟು ದೊಡ್ಡ ಒಂದು ಮೆಷಿನನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರು. ನೂರ್ ಮುಹಮ್ಮದ್ ಪಕ್ಕದಲ್ಲೇ ನಿಂತು ಎಣಿಸುತ್ತಿದ್ದರು. ಹತ್ತು ಅಡಿ. ಹದಿನೈದು ಅಡಿ. ಹದಿನೆಂಟನೇ ಅಡಿಯಲ್ಲಿ ಮೆಷಿನ್ ಕೀ ಕೀ ಎಂದು ಕೂಗಿತು. ಇನ್ನೂ ನೀರು ಸಿಕ್ಕಿರಲಿಲ್ಲ.

ನೂರ್ ಮುಹಮ್ಮದ್ ಆ ಶನಿವಾರ ಆರು ಅಡಿ ಇಳಿದಿದ್ದರು. ಇನ್ನು ಹನ್ನೆರಡೇ ಅಡಿ.

ತಂಡದವರು ಚಪ್ಪಡಿ ತೆಗೆಸಿ, ದೊಡ್ಡ ಪೈಪಿನಿಂದ ಗಂಟೆಗಟ್ಟಲೆ ಗಾಳಿ ಊದಿದರು. ಮೆಷಿನ್ ಸುಮ್ಮನಾದ ಮೇಲೆ, ಮೈಗೆ ಬೆಲ್ಟ್ ಕಟ್ಟಿ, ಮೇಲೆ ಮೂವರು ನಿಂತು, ಒಬ್ಬರು ಇಳಿದರು. ಗಾಳಿ ಊದುವುದನ್ನು ಅವರು ಮೇಲೆ ಬರುವವರೆಗೂ ನಿಲ್ಲಿಸಲಿಲ್ಲ. ಬಾವಿಗೆ ಈಗ ಚಪ್ಪಡಿಯ ಬದಲು ಕಬ್ಬಿಣದ ಜಾಲರಿ ಉಂಟು. ಮಕ್ಕಳು ಬೀಳುವುದಿಲ್ಲ, ಗಾಳಿ ಆಡುತ್ತದೆ. ಎಲೆ ಬೀಳದ ಹಾಗೆ ಮೇಲೊಂದು ಸಣ್ಣ ಬಲೆ ಹಾಕಿದ್ದಾರೆ. ನೀರನ್ನು ಪರೀಕ್ಷೆ ಮಾಡಿಸಿ, ಚಂಪಾ ಹೇಳಿದ ಅಳತೆಯಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ದಿಬ್ಬದ ಐದು ಮನೆಗಳಿಗೆ ಅಲ್ಲಿಂದಲೇ ನೀರು.

ನಮ್ಮ ಸ್ವಸಹಾಯ ಸಂಘದ ಸಭೆಗೆ ಗಂಡಸರು ಬರುವುದು ಕಡಿಮೆ. ಆ ತಿಂಗಳು ನೂರ್ ಮುಹಮ್ಮದ್ ತಾವಾಗಿಯೇ ಬಂದರು. ದೇಜಪ್ಪನ ವಿಷಯ ಹೇಳಿದರು. ಅವನ ನಗು, ಅವನ ಈಜು, ಒಂದು ಬಾವಿಯಿಂದ ಹಲ್ಲುಸೆಟ್ಟು ತಂದು ತನ್ನ ಬಾಯಿಗೇ ಇಟ್ಟುಕೊಂಡು ಮೇಲೆ ಬಂದದ್ದು. ನಾವೆಲ್ಲ ನಕ್ಕೆವು. ಚಂಪಾ ಕೂಡ ನಕ್ಕರು. ಅಣ್ಣನ ಬಗ್ಗೆ ಅಷ್ಟು ಜನ ಸೇರಿ ನಕ್ಕದ್ದು ಇದೇ ಮೊದಲು ಎಂದು ಆಮೇಲೆ ಹೇಳಿದರು.

"ಅವನಿಗೆ ಯಾರಾದರೂ ಹೇಳಿದ್ದರೆ ಅವನು ಇವತ್ತು ಇಲ್ಲಿ ಕೂರ್ತಿದ್ದ" ಎಂದರು ನೂರ್ ಮುಹಮ್ಮದ್. "ಹೇಳುವವರು ಇರಲಿಲ್ಲ. ನನಗೆ ಹೇಳುವವಳು ಇದ್ದಳು. ಅಷ್ಟೇ ವ್ಯತ್ಯಾಸ."

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ ನಮ್ಮದೊಂದು ಮಾತು. ನಿಮ್ಮ ಬಾವಿಗೆ ಕೊಡ ಬೀಳಲಿ, ಮೊಬೈಲ್ ಬೀಳಲಿ, ಚಿನ್ನವೇ ಬೀಳಲಿ, ನೀವು ಮೇಲೆಯೇ ನಿಲ್ಲಿ. ಗರಡಿ ಇಳಿಸಿ, ಮ್ಯಾಗ್ನೆಟ್ ಇಳಿಸಿ, ಬಲೆ ಇಳಿಸಿ, ಮನುಷ್ಯರನ್ನು ಇಳಿಸಬೇಡಿ. ಪಂಪ್ ಬಿದ್ದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ತಿಳಿದವರನ್ನು ಕರೆಯಿರಿ. ಪೆಟ್ರೋಲ್, ಡೀಸೆಲ್ ಪಂಪನ್ನು ಬಾವಿಯೊಳಗಿಟ್ಟು ಓಡಿಸಲೇಬೇಡಿ, ಅದರ ಹೊಗೆಯೂ ಕೊಲ್ಲುತ್ತದೆ. ಯಾರಾದರೂ ಬಾವಿಯೊಳಗೆ ಬಿದ್ದು ಮಾತಾಡದೆ ಇದ್ದರೆ, ಎಷ್ಟೇ ಕರುಳು ಹಿಂಡಿದರೂ ಹಿಂದೆ ಇಳಿಯಬೇಡಿ. 112ಕ್ಕೋ ಅಗ್ನಿಶಾಮಕದ 101ಕ್ಕೋ ಆ ಕ್ಷಣವೇ ಫೋನ್ ಮಾಡಿ.

ಪ್ರತಿ ಮನೆಯಲ್ಲೂ, ಪ್ರತಿ ಓಣಿಯಲ್ಲೂ, "ನಾನು ಇಳಿತೇನೆ" ಎಂದು ಎಲ್ಲರಿಗಿಂತ ಮೊದಲು ಹೇಳುವವರು ಒಬ್ಬರು ಇದ್ದೇ ಇರುತ್ತಾರೆ. ಧೈರ್ಯದವರು, ಬೇರೆಯವರ ಕಷ್ಟಕ್ಕೆ ಓಡಿ ಬರುವವರು. ನಿಮ್ಮಲ್ಲಿ ಅವರು ಯಾರು ಎಂದು ನಿಮಗೆ ಗೊತ್ತು. ಇವತ್ತೇ ಅವರ ಹತ್ತಿರ ಕುಳಿತು ಇದನ್ನು ಓದಿ ಹೇಳಿ.